ಸಾಂಕ್ರಾಮಿಕ ಕಾಲದಲ್ಲಿ ಬಿಟ್ಟುಹೋದ ಕ್ಯಾನ್ಸರ್ ತಪಾಸಣೆಯನ್ನು ಮತ್ತೆ ಆರಂಭಿಸುವುದು ಹೇಗೆ? ಕಲಬುರಗಿ ಜಿಲ್ಲೆಯ ಮಹಿಳೆಯರಿಗೆ ಮಾರ್ಗದರ್ಶಿ

ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಲ್ಲಿ. ಅಲ್ಲಿಂದ ಮುಂದೆ ಬಹುಕಾಲ ಆಸ್ಪತ್ರೆಗಳು, ನರ್ಸ್‌ಗಳು ಮತ್ತು ಆಶಾ ಕಾರ್ಯಕರ್ತೆಯರ ಗಮನವೆಲ್ಲ ಸೋಂಕಿನ ಕಡೆಗೇ ಹರಿಯಿತು. ಮನೆ ಮನೆ ಸಮೀಕ್ಷೆ, ಮುಂಬೈ ಮತ್ತು ಪುಣೆಗಳಿಂದ ಮರಳಿದ ಕೂಲಿ ಕುಟುಂಬಗಳ ಕ್ವಾರಂಟೈನ್, ಆಮೇಲೆ ಲಸಿಕೆ, ಹೀಗೆ ಒಂದರ ಹಿಂದೆ ಒಂದು ಕೆಲಸ ಬಂದಿತು. ಹೆರಿಗೆಗೆ, ಅಪಘಾತಕ್ಕೆ ಆಸ್ಪತ್ರೆ ಬೇಕೇ ಬೇಕು ಎಂದು ಬರುವವರಿದ್ದರು. ಯಾವ ತೊಂದರೆಯೂ ಇಲ್ಲದ ಮಹಿಳೆಯನ್ನು ಕರೆದು ಗರ್ಭಕಂಠ (ಗರ್ಭಚೀಲದ ಬಾಯಿ), ಸ್ತನ ಮತ್ತು ಬಾಯಿಯನ್ನು ಪರೀಕ್ಷಿಸುವ ಕೆಲಸವನ್ನು ಮಾತ್ರ ಯಾರೂ ಕೇಳಿಕೊಂಡು ಬರಲಿಲ್ಲ. ನೋವಿಲ್ಲದವಳು ತಾನಾಗಿ ಬರುವುದಿಲ್ಲ, ಕರೆಯಬೇಕಾದವಳಿಗೆ ಬೇರೆ ಕೆಲಸ ಬಿದ್ದಿತ್ತು. ತಪಾಸಣೆ ಹಿಂದೆ ಬಿದ್ದದ್ದು ಹೀಗೆ, ಸದ್ದಿಲ್ಲದೆ.

ದೇಶದ 41 ಕ್ಯಾನ್ಸರ್ ಕೇಂದ್ರಗಳನ್ನು ಒಳಗೊಂಡ ಅಧ್ಯಯನವೊಂದು 2020ರ ಮಾರ್ಚ್‌ನಿಂದ ಮೇ ವರೆಗಿನ ಅವಧಿಯನ್ನು ಅದರ ಹಿಂದಿನ ವರ್ಷದ ಅದೇ ತಿಂಗಳುಗಳೊಂದಿಗೆ ಹೋಲಿಸಿ ನೋಡಿದಾಗ, ಹೊಸದಾಗಿ ನೋಂದಾಯಿಸಿದ ರೋಗಿಗಳ ಸಂಖ್ಯೆ ಶೇ 54ರಷ್ಟು ಇಳಿದಿತ್ತು. ಶೇ 70ಕ್ಕೂ ಹೆಚ್ಚು ಕೇಂದ್ರಗಳಲ್ಲಿ ತಪಾಸಣೆ ಪೂರ್ತಿ ನಿಂತಿತ್ತು, ಇಲ್ಲವೇ ಎಂದಿನ ಕಾಲು ಭಾಗಕ್ಕಿಂತ ಕಡಿಮೆ ನಡೆಯುತ್ತಿತ್ತು. ಅಮೆರಿಕದಲ್ಲಿ ಕಡಿಮೆ ಆದಾಯದ ಮಹಿಳೆಯರಿಗಾಗಿ ಸರ್ಕಾರವೇ ನಡೆಸುವ ಕಾರ್ಯಕ್ರಮದಲ್ಲಿ, 2020ರ ಏಪ್ರಿಲ್‌ನಲ್ಲಿ ಸ್ತನ ತಪಾಸಣೆ ಶೇ 87ರಷ್ಟು, ಗರ್ಭಕಂಠದ ತಪಾಸಣೆ ಶೇ 84ರಷ್ಟು ಕುಸಿಯಿತು. ಆದರೆ ಅಲ್ಲಿ ಕುಸಿಯುವುದಕ್ಕೂ ಮೊದಲು ಒಂದು ಎತ್ತರವಿತ್ತು. ನಮ್ಮಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ 1.9, ಸ್ತನ ತಪಾಸಣೆ ಮಾಡಿಸಿಕೊಂಡವರು ಶೇ 0.9 ಮಾತ್ರ. ಆದ್ದರಿಂದ ಈ ಮಾರ್ಗದರ್ಶಿ ಸರದಿ ತಪ್ಪಿಸಿಕೊಂಡವರಿಗೆ ಎಷ್ಟು ಬೇಕೋ, ಕರೆಯೇ ಬಾರದೆ ಉಳಿದವರಿಗೂ ಅಷ್ಟೇ ಬೇಕು.

ಮೊದಲು ನೀವು ಯಾರೆಂದು ಗುರುತಿಸಿಕೊಳ್ಳಿ

ತಪಾಸಣೆ ತಪ್ಪಿದ ಎಲ್ಲರ ಸ್ಥಿತಿಯೂ ಒಂದೇ ಅಲ್ಲ. ಎಲ್ಲರಿಗೂ ಒಂದೇ ಅವಸರವೂ ಇಲ್ಲ. ಇದನ್ನು ಮೊದಲು ತಿಳಿದುಕೊಂಡರೆ ಅನಗತ್ಯ ಭಯವೂ ಕಡಿಮೆಯಾಗುತ್ತದೆ, ಅಪಾಯಕರ ತಡವೂ ತಪ್ಪುತ್ತದೆ.

ಮುಟ್ಟಿನ ನಡುವೆ ಅಥವಾ ದಾಂಪತ್ಯ ಸಂಪರ್ಕದ ನಂತರ ರಕ್ತಸ್ರಾವ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣುವುದು, ದುರ್ವಾಸನೆಯ ಬಿಳಿಸೆರಗು, ಸ್ತನದಲ್ಲಿ ಗಂಟು, ತೊಟ್ಟು ಒಳಗೆ ಎಳೆದುಕೊಂಡಿರುವುದು ಅಥವಾ ತೊಟ್ಟಿನಿಂದ ರಕ್ತ ಬರುವುದು, ಬಾಯಿಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕೆಂಪು ಇಲ್ಲವೇ ಬಿಳಿ ಮಚ್ಚೆ, ಮೊದಲಿನಂತೆ ಬಾಯಿ ತೆರೆಯಲಾಗದಿರುವುದು — ಇವುಗಳಲ್ಲಿ ಒಂದಿದ್ದರೂ ನಿಮಗೆ ಬೇಕಾದದ್ದು ತಪಾಸಣಾ ಶಿಬಿರವಲ್ಲ, ವೈದ್ಯರು. ಶಿಬಿರದ ದಿನಕ್ಕೆ ಕಾಯದೆ ಈ ವಾರವೇ ಹೋಗಿ. ಇವು ಕ್ಯಾನ್ಸರ್ ಅಲ್ಲದೆಯೂ ಬರಬಹುದು, ಆದರೆ ಹಾಗೆಂದು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು.

ಎರಡನೆಯವರು, ಹಿಂದೆ ತಪಾಸಣೆ ಮಾಡಿಸಿಕೊಂಡು, “ಸ್ವಲ್ಪ ವ್ಯತ್ಯಾಸ ಕಾಣುತ್ತಿದೆ, ದೊಡ್ಡ ಆಸ್ಪತ್ರೆಗೆ ಹೋಗಿ” ಎಂದು ಹೇಳಿಸಿಕೊಂಡು, ಅಷ್ಟರಲ್ಲಿ ಲಾಕ್‌ಡೌನ್ ಬಂದು ಅಲ್ಲಿಗೇ ಬಿಟ್ಟವರು. ಸಾಂಕ್ರಾಮಿಕದಿಂದ ಅತಿ ಹೆಚ್ಚು ನಷ್ಟವಾಗುವುದು ಇವರಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಗಿನ ಚೀಟಿ ಸಿಗದಿದ್ದರೂ ಚಿಂತೆಯಿಲ್ಲ, ಮತ್ತೊಮ್ಮೆ ಪರೀಕ್ಷೆ ಮಾಡಿಸಬಹುದು. ಆದರೆ “ಹಿಂದೆ ನನಗೆ ಹೀಗೆ ಹೇಳಿದ್ದರು” ಎಂಬ ಮಾತನ್ನು ಕೌಂಟರಿನಲ್ಲಿಯೇ ಹೇಳಬೇಕು. ಇಲ್ಲದಿದ್ದರೆ ನಿಮ್ಮನ್ನು ಹೊಸಬರ ಸಾಲಿನಲ್ಲಿ ಕೂರಿಸುತ್ತಾರೆ.

ಮೂರನೆಯವರು, ಹಿಂದಿನ ಫಲಿತಾಂಶ ಸರಿಯಾಗಿಯೇ ಇದ್ದು ಮುಂದಿನ ಸರದಿ ಮೀರಿದವರು. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕು. 2019ರಲ್ಲಿ ಮಾಡಿಸಿದ್ದರೆ 2024ಕ್ಕೆ ಸರದಿ ಬಂದಿದೆ. ಗರ್ಭಕಂಠದ ಜೀವಕೋಶಗಳಲ್ಲಿ ಮೊದಲ ಬದಲಾವಣೆ ಕಂಡು ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಹಿಡಿಯುವುದರಿಂದ, ಒಂದು ವರ್ಷ ತಡವಾಯಿತೆಂದು ಗಾಬರಿಪಡುವ ಅಗತ್ಯವಿಲ್ಲ. ಆದರೆ ತಡಕ್ಕೆ ತಡ ಸೇರುತ್ತಾ ಹೋದರೆ ಈ ಅನುಕೂಲವೇ ಕೈತಪ್ಪುತ್ತದೆ.

ಉಳಿದವರು, ಒಮ್ಮೆಯೂ ಮಾಡಿಸಿಕೊಳ್ಳದವರು. ನಮ್ಮಲ್ಲಿ ಇವರೇ ಬಹುಪಾಲು. “ಜೀವಮಾನದಲ್ಲಿ ಒಂದು ಸಲ ಮಾಡಿಸಿದರೆ ಏನಾದೀತು” ಎಂದು ಕೇಳುವವರಿಗೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ಆಳಂದ ಮತ್ತು ಬಸವಕಲ್ಯಾಣಗಳ ಗಡಿಯಾಚೆಗಿನ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 30ರಿಂದ 59 ವರ್ಷದ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ (ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ ಇದೆಯೇ ಎಂದು ನೋಡುವ ಪರೀಕ್ಷೆ) ಒಳಪಟ್ಟ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮಾಡುವುದು ವಿಐಎ ಪರೀಕ್ಷೆ, ಅಂದರೆ ತೆಳುವಾದ ಆಮ್ಲ ಸವರಿ ಗರ್ಭಕಂಠವನ್ನು ಬರಿಗಣ್ಣಿನಿಂದ ನೋಡುವುದು. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಈ ಪರೀಕ್ಷೆಯನ್ನು ಹಲವು ಸುತ್ತು ಮಾಡಿಸಿದಾಗ ಸಾವು ಶೇ 31ರಷ್ಟು ಕಡಿಮೆಯಾಯಿತು. ವಿಐಎ ಮಾಡಿಸುವವರು ಸರದಿ ತಪ್ಪಿಸಬಾರದೆಂದು ಹೇಳುವುದು ಇದೇ ಕಾರಣಕ್ಕೆ.

ಎಲ್ಲಿಗೆ, ಯಾವಾಗ ಹೋಗಬೇಕು

ನಿಮ್ಮೂರಿನ ಆಶಾ ಕಾರ್ಯಕರ್ತೆಯಿಂದಲೇ ಆರಂಭಿಸಿ. 30 ದಾಟಿದ ಪ್ರತಿಯೊಬ್ಬರಿಗೂ ಆಕೆ ಒಂದು ನಮೂನೆ ತುಂಬಬೇಕು. ವಯಸ್ಸು, ತಂಬಾಕು ಸೇವನೆ, ಸೊಂಟದ ಸುತ್ತಳತೆ, ಮನೆತನದಲ್ಲಿ ಇದ್ದ ಕಾಯಿಲೆಗಳ ಜೊತೆಗೆ ಮೇಲೆ ಹೇಳಿದ ಲಕ್ಷಣಗಳ ಬಗ್ಗೆಯೂ ಅದರಲ್ಲಿ ಪ್ರಶ್ನೆಗಳಿವೆ. ಆ ನಮೂನೆ ತುಂಬಿದ ಮಾತ್ರಕ್ಕೆ ತಪಾಸಣೆ ಆದಂತಲ್ಲ ಎಂಬುದನ್ನು ನೆನಪಿಡಿ. ಅದು ತಪಾಸಣೆಗೆ ಕರೆಯುವ ದಾರಿ ಅಷ್ಟೇ. ಮುಂದಿನ ಹಂತ ಉಪಕೇಂದ್ರ, ಅಂದರೆ ಈಗಿನ ಆಯುಷ್ಮಾನ್ ಆರೋಗ್ಯ ಮಂದಿರ, ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ವಿಐಎ ತರಬೇತಿ ಪಡೆದ ನರ್ಸ್ ಯಾವ ದಿನ ಇರುತ್ತಾರೆಂದು ಮೊದಲೇ ಕೇಳಿ ಹೋಗುವುದು ಲೇಸು. ಒಂದು ದಿನದ ಕೂಲಿ ಬಿಟ್ಟು ಬಂದ ಮಹಿಳೆಗೆ “ಇವತ್ತು ಸಿಸ್ಟರ್ ಇಲ್ಲ” ಎಂದು ಹೇಳಿ ಕಳುಹಿಸಿದರೆ ಆಕೆ ಎರಡನೆಯ ಸಲ ಬರುವುದು ಕಷ್ಟ. ಊರಿನಲ್ಲಿ ಮಾಹಿತಿ ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ವಿಚಾರಿಸಬಹುದು.

ತಾಲ್ಲೂಕು ಆಸ್ಪತ್ರೆಗೆ ಅಥವಾ ಕಲಬುರಗಿಯ ಜಿಮ್ಸ್‌ಗೆ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಹೋಗಬೇಕಾಗಿ ಬಂದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್‌ಗಳಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ಜೊತೆಗಿರಲಿ. ಚಿಂಚೋಳಿಯ ತಾಂಡಾದಿಂದಲೋ ಯಡ್ರಾಮಿಯ ಹಳ್ಳಿಯಿಂದಲೋ ಬರುವವರಿಗೆ ಇದು ಸಣ್ಣ ಅನುಕೂಲವಲ್ಲ. ಕ್ಯಾನ್ಸರ್ ಎಂದು ಖಚಿತವಾದವರಿಗೆ ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿರುವುದರಿಂದ, ಮೊದಲ ಹೆಜ್ಜೆಗೇ ಬೆಂಗಳೂರು ಅಥವಾ ಸೊಲ್ಲಾಪುರದ ದಾರಿ ಹಿಡಿಯಬೇಕಾಗಿಲ್ಲ.

ದಿನವನ್ನು ಆರಿಸುವಾಗ ಹೊಲದ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ತೊಗರಿ ರಾಶಿಯ ದಿನಗಳಲ್ಲಿ ನಮ್ಮ ಕಡೆಯ ಯಾವ ಹೆಣ್ಣುಮಗಳೂ ಆಸ್ಪತ್ರೆಗೆ ಬಿಡುವು ಮಾಡಿಕೊಳ್ಳಲಾರಳು. ಶಿಬಿರ ಏರ್ಪಡಿಸುವವರು ಇದನ್ನು ಅರಿತು ರಾಶಿ ಮುಗಿದ ಮೇಲೆ ದಿನ ಇಟ್ಟುಕೊಂಡರೆ ಬರುವವರ ಸಂಖ್ಯೆ ತಾನಾಗಿಯೇ ಹೆಚ್ಚುತ್ತದೆ. ಗರ್ಭಕಂಠದ ತಪಾಸಣೆಗೆ ಮುಟ್ಟಿನ ದಿನಗಳನ್ನು ಬಿಡಬೇಕು. ಹಿಂದಿನ ಎರಡು ದಿನ ದಾಂಪತ್ಯ ಸಂಪರ್ಕ ಬೇಡ, ಒಳಗೆ ಇಡುವ ಔಷಧವೂ ಬೇಡ. ಗರ್ಭಿಣಿಯರಿಗೆ ಮತ್ತು ಇತ್ತೀಚೆಗೆ ಹೆರಿಗೆಯಾದವರಿಗೆ ವಿಐಎ ಮಾಡುವುದಿಲ್ಲ. ಹೆರಿಗೆಯಾಗಿ ಮೂರು ತಿಂಗಳಾದ ಮೇಲೆ ಮಾಡಿಸಬಹುದು.

ಪರೀಕ್ಷೆಯ ಕೋಣೆಯೊಳಗೆ

ಬಾರದಿರುವುದಕ್ಕೆ ಕಾರಣ ಕೇಳಿದರೆ ಕೂಲಿ, ಕೆಲಸ, ಬಸ್ಸು ಎಂದು ಹೇಳುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಕುಳಿತು ಮಾತಾಡಿದರೆ, ಒಳಗೆ ಏನು ಮಾಡುತ್ತಾರೋ ಎಂಬ ಅಂಜಿಕೆ ಹೊರಬರುತ್ತದೆ. ಅದಕ್ಕಾಗಿಯೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ನರ್ಸ್ ಹೆಸರು, ವಯಸ್ಸು, ಮಕ್ಕಳೆಷ್ಟು, ಕೊನೆಯ ಮುಟ್ಟು ಯಾವಾಗ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮೂತ್ರ ಮಾಡಿ ಬರಲು ಹೇಳುತ್ತಾರೆ. ಪರದೆಯ ಹಿಂದಿನ ಮೇಜಿನ ಮೇಲೆ ಮಲಗಿ, ಸೀರೆ ಮೇಲೆತ್ತಿ, ಮೊಣಕಾಲು ಮಡಚಿಕೊಳ್ಳಬೇಕು. ಮೇಲೆ ಒಂದು ಬಟ್ಟೆ ಹೊದಿಸಿರುತ್ತಾರೆ. ಸ್ಪೆಕ್ಯುಲಮ್ ಎಂಬ ಸಾಧನದಿಂದ ಯೋನಿಯ ಗೋಡೆಗಳನ್ನು ಮೆಲ್ಲಗೆ ಸರಿಸಿ ಗರ್ಭಕಂಠವನ್ನು, ಅಂದರೆ ಗರ್ಭಚೀಲದ ಬಾಯಿಯನ್ನು ನೋಡುತ್ತಾರೆ. ಹತ್ತಿಯ ತುದಿಗೆ ಶೇ 3ರಿಂದ 5ರಷ್ಟು ತೆಳುವಾದ ಅಸಿಟಿಕ್ ಆಮ್ಲ ಅದ್ದಿ, ಅಲ್ಲಿಗೆ ಸವರಿ ಒಂದು ನಿಮಿಷ ಕಾಯುತ್ತಾರೆ. ವಿನಿಗರ್‌ನಲ್ಲಿರುವುದೂ ಇದೇ ಆಮ್ಲ. ಸ್ವಲ್ಪ ತಂಪು, ಕೆಲವರಿಗೆ ಸಣ್ಣ ಉರಿ ಅನಿಸಬಹುದು. ಬದಲಾದ ಜೀವಕೋಶಗಳಿದ್ದರೆ ಆ ಜಾಗ ದಟ್ಟವಾದ ಬಿಳಿ ಬಣ್ಣಕ್ಕೆ ತಿರುಗುತ್ತದೆ. ಎಲ್ಲಾ ಸೇರಿ ಕೆಲವೇ ನಿಮಿಷದ ಕೆಲಸ. ಇಂಜೆಕ್ಷನ್ ಇಲ್ಲ, ಹೊಲಿಗೆ ಇಲ್ಲ, ಮನೆಗೆ ನಡೆದೇ ಹೋಗಬಹುದು, ಅಡುಗೆಯನ್ನೂ ಮಾಡಬಹುದು. ಬಳಸುವ ಸ್ಪೆಕ್ಯುಲಮ್ ಶುದ್ಧಗೊಳಿಸಿದ್ದೇ ಎಂದು ಕೇಳುವುದು ನಿಮ್ಮ ಹಕ್ಕು. ಸಾಂಕ್ರಾಮಿಕದ ದಿನಗಳಲ್ಲಿ ಅನೇಕರನ್ನು ದೂರವಿರಿಸಿದ ಅಂಜಿಕೆಗಳಲ್ಲಿ ಇದೂ ಒಂದಾಗಿತ್ತು, ಹಾಗಾಗಿ ಕೇಳಲು ಸಂಕೋಚಪಡಬೇಡಿ.

ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಗೆ ಸರಿದಿರುವುದರಿಂದ ವಿಐಎ ಅಷ್ಟು ಸ್ಪಷ್ಟವಾಗಿ ತಿಳಿಸದೆ ಇರಬಹುದು. ಅಂಥವರಿಗೆ ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪರೀಕ್ಷೆ) ಅಥವಾ ಎಚ್‌ಪಿವಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಎಚ್‌ಐವಿ ಇರುವವರಿಗೆ ಐದು ವರ್ಷದ ಲೆಕ್ಕ ಅನ್ವಯಿಸದು, ಇನ್ನೂ ಬೇಗ ಬೇಗ ಪರೀಕ್ಷೆ ಬೇಕಾಗುತ್ತದೆ.

ಸ್ತನವನ್ನು ನರ್ಸ್ ಅಥವಾ ವೈದ್ಯರು ಕೈಯಿಂದ ಒತ್ತಿ ನೋಡುತ್ತಾರೆ, ಕಂಕುಳನ್ನೂ ನೋಡುತ್ತಾರೆ. ಕೋವಿಡ್ ಲಸಿಕೆ ಪಡೆದ ನಂತರ ಅದೇ ಬದಿಯ ಕಂಕುಳಿನಲ್ಲಿ ಗಂಟು ಊದಿಕೊಂಡದ್ದನ್ನು ಕಂಡು ಹಲವರು ಹೆದರಿದ್ದುಂಟು. ಅಂಥ ಊತ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆರು ವಾರ ಕಳೆದರೂ ಉಳಿದಿದ್ದರೆ ತೋರಿಸಲೇಬೇಕು. ಬಾಯಿಯ ಪರೀಕ್ಷೆಗೆ ಟಾರ್ಚ್ ಬೆಳಕು ಸಾಕು. ಮಾಸ್ಕ್ ತೆಗೆಸಬೇಕಾದ ಕಾರಣದಿಂದ ಸೋಂಕಿನ ದಿನಗಳಲ್ಲಿ ಎಲ್ಲರೂ ಹಿಂಜರಿದ ಪರೀಕ್ಷೆ ಇದು. ತಂಬಾಕು–ಸುಣ್ಣ ತಿಕ್ಕಿ ದವಡೆಗೆ ಇಟ್ಟುಕೊಳ್ಳುವ, ಗುಟ್ಕಾ ಅಥವಾ ಎಲೆ ಅಡಿಕೆಯೊಂದಿಗೆ ತಂಬಾಕು ಹಾಕಿಕೊಳ್ಳುವ ಅಭ್ಯಾಸ ನಮ್ಮ ಕಡೆಯ ಹೆಂಗಸರಲ್ಲಿಯೂ ಇರುವುದರಿಂದ ಇದನ್ನು ಬಿಟ್ಟು ಮನೆಗೆ ಬರಬೇಡಿ.

ಮನೆಯವರನ್ನು ಒಪ್ಪಿಸುವುದು

“ಯಕ್ಕಾ, ನನಗೇನಾಗ್ಯಾದ್ರಿ? ಛಲೋ ಅದೀನಲ್ಲ” ಎಂಬುದು ಆಶಾ ಕಾರ್ಯಕರ್ತೆಗೆ ಹೊಸ್ತಿಲಲ್ಲಿ ಸಿಗುವ ಉತ್ತರ. ಛಲೋ ಇದ್ದಾಗಲೇ ಮಾಡುವ ಪರೀಕ್ಷೆ ಇದು ಎಂದು ಹೇಳಬೇಕಾದದ್ದು ಅವಳಿಗೆ ಮಾತ್ರವಲ್ಲ, ಅತ್ತೆಗೂ ಗಂಡನಿಗೂ. ಅತ್ತೆಯನ್ನೇ ಮೊದಲು ಕರೆದೊಯ್ಯುವುದು ಒಳ್ಳೆಯ ಉಪಾಯ, ಏಕೆಂದರೆ ಐವತ್ತು ದಾಟಿದ ಆಕೆಗೂ ತಪಾಸಣೆ ಬೇಕೇ ಬೇಕು. ಆಕೆ ಹೋಗಿ ಬಂದ ಮೇಲೆ ಸೊಸೆಯನ್ನು ತಡೆಯುವವರು ಇರುವುದಿಲ್ಲ. ಸ್ವಸಹಾಯ ಸಂಘದ ಹತ್ತು ಮಂದಿ ಒಂದೇ ದಿನ ಗೊತ್ತುಮಾಡಿಕೊಂಡು ಹೋದರೆ ನಾಚಿಕೆಯೂ ಕರಗುತ್ತದೆ, ಆರೋಗ್ಯ ಕೇಂದ್ರದವರೂ ಸಿದ್ಧತೆ ಮಾಡಿಕೊಂಡಿರುತ್ತಾರೆ.

ಕಲಬುರಗಿಯಲ್ಲಿ ಇನ್ನೊಂದು ಭಯವಿದೆ, ಅದಕ್ಕೆ ಕಾರಣವೂ ಇದೆ. 2015ರ ಸುಮಾರಿಗೆ, ತಾಂಡಾಗಳ ಲಂಬಾಣಿ ಮಹಿಳೆಯರೂ ಸೇರಿದಂತೆ ಈ ಜಿಲ್ಲೆಯ ಬಹಳಷ್ಟು ಬಡ ಮಹಿಳೆಯರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದುಹಾಕಲಾಗಿದೆ ಎಂಬ ದೂರು ಎದ್ದು, ಸರ್ಕಾರ ತನಿಖೆ ನಡೆಸಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ “ಬಿಟ್ಟರೆ ಕ್ಯಾನ್ಸರ್ ಆಗುತ್ತದೆ” ಎಂದು ಹೆದರಿಸಿದ ಕಥೆಗಳನ್ನು ಕೇಳಿ ಬೆಳೆದ ಹುಡುಗಿ ಈಗ ಮೂವತ್ತಕ್ಕೆ ಕಾಲಿಡುತ್ತಿದ್ದಾಳೆ. ಅವಳ ಅನುಮಾನವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಅವಳಿಗೆ ಸ್ಪಷ್ಟವಾಗಿ ತಿಳಿಸಬೇಕಾದದ್ದು ಇಷ್ಟು: ವಿಐಎಯಲ್ಲಿ ಬಿಳಿ ಕಂಡ ಮಾತ್ರಕ್ಕೆ ಅದು ಕ್ಯಾನ್ಸರ್ ಎಂದಲ್ಲ, ಗರ್ಭಕೋಶ ತೆಗೆಸಲು ಕಾರಣವೂ ಅಲ್ಲ. ಮುಂದಿನ ಹೆಜ್ಜೆ ಕಾಲ್ಪೋಸ್ಕೋಪ್ ಎಂಬ ದುರ್ಬೀನಿನಿಂದ ಹತ್ತಿರದಿಂದ ನೋಡುವುದು, ಬೇಕಿದ್ದರೆ ಸಣ್ಣ ತುಣುಕು ತೆಗೆದು ಬಯಾಪ್ಸಿಗೆ ಕಳುಹಿಸುವುದು. ಕ್ಯಾನ್ಸರ್‌ಪೂರ್ವ ಹಂತವಾಗಿದ್ದರೆ ಆ ಜಾಗವನ್ನಷ್ಟೇ ತಣಿಸಿ ಅಥವಾ ಸುಟ್ಟು ತೆಗೆಯುವ ಚಿಕಿತ್ಸೆ ಸಾಮಾನ್ಯವಾಗಿ ಸಾಕಾಗುತ್ತದೆ. ಬಯಾಪ್ಸಿ ವರದಿ ಇಲ್ಲದೆ ಕ್ಯಾನ್ಸರ್ ಭಯದ ಮೇಲೆ ಯಾರಾದರೂ ಗರ್ಭಕೋಶ ತೆಗೆಯೋಣವೆಂದರೆ ಒಪ್ಪಿಗೆಗೆ ಸಹಿ ಮಾಡದೆ, ಜಿಮ್ಸ್‌ನಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಈಗಾಗಲೇ ಆಪರೇಷನ್ ಆದವರು, ಗರ್ಭಕಂಠವನ್ನೂ ತೆಗೆದಿದ್ದಾರೆಯೇ ಎಂದು ಡಿಸ್ಚಾರ್ಜ್ ಚೀಟಿ ನೋಡಿ ತಿಳಿದುಕೊಳ್ಳಬೇಕು. ಅದನ್ನು ಉಳಿಸಿದ್ದರೆ ಅದರ ತಪಾಸಣೆಯೂ ಬೇಕು. ಸ್ತನ ಮತ್ತು ಬಾಯಿಯ ತಪಾಸಣೆ ಯಾವ ಸ್ಥಿತಿಯಲ್ಲಿಯೂ ತಪ್ಪುವಂತಿಲ್ಲ.

ಫಲಿತಾಂಶ, ಚೀಟಿ, ಮುಂದಿನ ತಾರೀಖು

ಫಲಿತಾಂಶವನ್ನು ಬಾಯಿಮಾತಿನಲ್ಲಿ ಕೇಳಿ ಎದ್ದು ಬರಬೇಡಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಯಾವ ಪರೀಕ್ಷೆ, ಯಾವ ದಿನ, ಏನು ಕಂಡಿತು, ಮುಂದೆ ಯಾವಾಗ ಬರಬೇಕು ಎಂಬ ನಾಲ್ಕು ಸಂಗತಿ ಅದರಲ್ಲಿರಲಿ. ಫೋನಿನಲ್ಲಿ ಫೋಟೊ ತೆಗೆದುಕೊಂಡು, ಮನೆಯ ಇನ್ನೊಬ್ಬರ ಫೋನಿಗೂ ಕಳುಹಿಸಿಡಿ.

ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದರೆ ರೆಫರಲ್ ಚೀಟಿಯನ್ನು ಅಲ್ಲಿಯೇ ಕೇಳಿ ಪಡೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಪಡಿತರ ಚೀಟಿಯಲ್ಲಿ ಮತ್ತು ಆಧಾರಿನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಟ್ಟುಕೊಂಡರೆ ಕೌಂಟರಿನಲ್ಲಿ ಅಲೆದಾಟ ತಪ್ಪುತ್ತದೆ. ಕ್ಯಾನ್ಸರ್ ಖಚಿತವಾದ ಮೇಲೆ ಚಿಕಿತ್ಸೆ ನಾಲ್ಕು ವಾರ ತಡವಾದರೂ ಸಾವಿನ ಅಪಾಯ ಶೇ 6ರಿಂದ 13ರಷ್ಟು ಏರುತ್ತದೆ ಎಂದು 2020ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿದೆ. “ಹಬ್ಬ ಮುಗೀಲಿ, ಆಮೇಲೆ ನೋಡೋಣ” ಎನ್ನುವವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕು.

ಮತ್ತೆ ಸಾಂಕ್ರಾಮಿಕ ಬಂದರೆ

ಸೋಂಕು ಏರುತ್ತಿರುವ ವಾರಗಳಲ್ಲಿ ಲಕ್ಷಣವಿಲ್ಲದ ಮಹಿಳೆಯರ ತಪಾಸಣೆಯನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿದರೆ ತಪ್ಪಿಲ್ಲ. ಆದರೆ ಮುಂದಕ್ಕೆ ಹಾಕುವಾಗಲೇ ಹೊಸ ತಾರೀಖನ್ನು ಬರೆದಿಡಬೇಕು. “ಎಲ್ಲ ಸರಿಯಾದ ಮೇಲೆ” ಎಂಬುದು ತಾರೀಖಲ್ಲ. ಲಕ್ಷಣವಿರುವವರ ಪರೀಕ್ಷೆಯನ್ನು, ವಿಐಎಯಲ್ಲಿ ಬಿಳಿ ಕಂಡವರ ಮುಂದಿನ ಪರೀಕ್ಷೆಯನ್ನು, ಆರಂಭವಾದ ಚಿಕಿತ್ಸೆಯನ್ನು ಯಾವ ಅಲೆಯಲ್ಲಿಯೂ ನಿಲ್ಲಿಸಬಾರದು. 2020ರ ಏಪ್ರಿಲ್‌ನಲ್ಲಿ ಆರಂಭವಾದ ಇ-ಸಂಜೀವಿನಿ ಹೊರರೋಗಿ ಸೇವೆಯ ಮೂಲಕ ಫೋನಿನಲ್ಲಿಯೇ ವೈದ್ಯರೊಂದಿಗೆ ಮಾತನಾಡಬಹುದು. ಹಳೆಯ ವರದಿ ತೋರಿಸಲು, ಎಲ್ಲಿಗೆ ಹೋಗಬೇಕೆಂದು ಕೇಳಲು ಅದು ಸಾಕು, ಗಂಟನ್ನು ಮುಟ್ಟಿ ನೋಡುವ ಕೆಲಸಕ್ಕೆ ಸಾಲದು. ಮಹಿಳೆ ತಾನೇ ಮಾದರಿ ತೆಗೆದುಕೊಡಬಹುದಾದ ಎಚ್‌ಪಿವಿ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಒಪ್ಪಿದೆ. ಸ್ಪೆಕ್ಯುಲಮ್ ಬೇಡ, ಸಾಲಿನಲ್ಲಿ ಕೂರಬೇಕಾಗಿಲ್ಲ. ನಮ್ಮ ಉಪಕೇಂದ್ರಗಳಿಗೆ ಇದು ಬರಲೇಬೇಕೆಂದು ಗ್ರಾಮ ಸಭೆಯಿಂದ ಹಿಡಿದು ಜಿಲ್ಲಾ ಪಂಚಾಯಿತಿಯವರೆಗೆ ಕೇಳುತ್ತಲೇ ಇರಬೇಕು.

ಆಶಾ ಕಾರ್ಯಕರ್ತೆಯರಲ್ಲಿ ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಒಂದು ವಿನಂತಿ. ರಿಜಿಸ್ಟರಿನಲ್ಲಿ ನೂರಾರು ಹೆಸರುಗಳ ನಡುವೆ, ಮುಂದಿನ ಪರೀಕ್ಷೆ ಬಾಕಿ ಇರುವ ಮಹಿಳೆಯರು ಒಂದು ಊರಿಗೆ ಕೆಲವರೇ ಇರುತ್ತಾರೆ. ಅವರ ಹೆಸರು, ಎರಡು ಫೋನ್ ನಂಬರ್, ದುಡಿಯಲು ಯಾವ ಊರಿಗೆ ಹೋಗುತ್ತಾರೆ ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಸಮೀಕ್ಷೆಯ ಕೆಲಸ ಮೈಮೇಲೆ ಬಿದ್ದ ದಿನವೂ ಆ ಒಂದು ಹಾಳೆಯನ್ನು ನೋಡಲು ಸಮಯ ಸಿಗುತ್ತದೆ. ಪುಣೆ, ಮುಂಬೈ, ಹೈದರಾಬಾದ್‌ಗಳಿಗೆ ಹೋದ ಕುಟುಂಬಗಳು ಉಗಾದಿಗೆ, ಮೊಹರಂಗೆ ಅಥವಾ ಊರ ಜಾತ್ರೆಗೆ ಬರುತ್ತವೆ. ಹಬ್ಬಕ್ಕೆ ಎರಡು ವಾರ ಮೊದಲೇ ಫೋನ್ ಮಾಡಿ, ಬಂದ ಮರುದಿನಕ್ಕೆ ನರ್ಸ್ ಇರುವಂತೆ ಗೊತ್ತುಮಾಡಿಕೊಳ್ಳಿ. ಹೋಗುವಾಗ ಚೀಟಿಯ ಒಂದು ಪ್ರತಿ ಅವರ ಚೀಲದಲ್ಲಿರಲಿ, ಇನ್ನೊಂದು ಪ್ರತಿ ನಿಮ್ಮ ಬಳಿ ಇರಲಿ.